ತೋಟದ ಮನೆಯಲ್ಲಿ ಎರಡು ಕಂಪ್ಯೂಟರ್: ಫೋಲ್ಡರ್ ಕಾಣುತ್ತೆ, ತೆರೆಯಲ್ಲ ಅಂದ್ರೆ

ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ ಕಣದ ಪಕ್ಕದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರಿಗೊಂದು ಪಿಸಿ, ಮನೆಯೊಳಗೊಂದು ಲ್ಯಾಪ್‌ಟಾಪ್ ಇರುವುದು ಅಪರೂಪವಲ್ಲ. ಹಾಜರಿ, ಕೊಯ್ಲಿನ ಲೆಕ್ಕವೆಲ್ಲ ಕಣದ ಪಿಸಿಯಲ್ಲಿ, ನೋಡಬೇಕಾದವರು ಮನೆಯಲ್ಲಿ. ಕಣದ ಪಿಸಿಯಲ್ಲಿ ಶೇರ್ ಮಾಡಿದ ಫೋಲ್ಡರ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯದಿದ್ದರೆ ಏನು ನೋಡಬೇಕು ಎಂಬುದು ಇಲ್ಲಿದೆ. ಎರಡರಲ್ಲೂ ವಿಂಡೋಸ್ 10 ಅಥವಾ 11 ಇದೆ ಎಂದುಕೊಂಡು ಇದನ್ನು ಬರೆದಿದೆ.

ಮೊದಲು ಪರದೆಯ ಮೇಲೆ ಬಂದ ಸಂದೇಶವನ್ನು ಪೂರ್ತಿ ಓದಿ. ಕೋಡ್ 80070035 ಎಂದು ಮುಗಿದರೆ ಕಣದ ಪಿಸಿವರೆಗೆ ದಾರಿಯೇ ಸಿಕ್ಕಿಲ್ಲ, ಪರ್ಮಿಷನ್ (ಫೋಲ್ಡರನ್ನು ಯಾರು ತೆರೆಯಬಹುದು ಎಂಬ ಅನುಮತಿ) ಮುಟ್ಟಲು ಹೋಗಬೇಡಿ. ಪಾಸ್‌ವರ್ಡ್ ಕೇಳಿ ಕೇಳಿ ವಾಪಸ್ ಕಳಿಸುತ್ತಿದ್ದರೆ ನೀವು ಯಾರೆಂದು ಅದಕ್ಕೆ ಗೊತ್ತಾಗಿಲ್ಲ. ಒಳಗೆ ಬಿಟ್ಟುಕೊಂಡು, ಫೋಲ್ಡರ್ ಒತ್ತಿದಾಗ ಮಾತ್ರ ‘ಆಕ್ಸೆಸ್ ಡಿನೈಡ್’ ಬಂದರೆ ಅದೊಂದೇ ನಿಜವಾದ ಪರ್ಮಿಷನ್ ತೊಂದರೆ.

ದಾರಿ ಸಿಗದಿದ್ದರೆ, ಎರಡೂ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ‘ಪ್ರೈವೇಟ್’ ಆಗಿದೆಯೇ, ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಆನ್ ಇದೆಯೇ ನೋಡಿ. ಕಣದ ಪಿಸಿ ಸ್ಲೀಪಿಗೆ ಹೋಗಿದ್ದರೂ ಇದೇ ಸಂದೇಶ. ಗೆಸ್ಟ್ ವೈಫೈಗೆ ಸೇರಿದ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಇಂಟರ್ನೆಟ್ ಸಿಗುತ್ತದೆ, ಪಕ್ಕದ ಪಿಸಿ ಸಿಗುವುದಿಲ್ಲ.

ತೋಟಗಳಲ್ಲಿ ಹೆಚ್ಚು ಕಾಡುವುದು ಎರಡನೇ ರೌಟರ್. ಮನೆಯ ರೌಟರಿನಿಂದ ಕೇಬಲ್ ಎಳೆದು ಕಣದ ರೌಟರಿನ ‘ವ್ಯಾನ್’ (ಇಂಟರ್ನೆಟ್ ಬರುವ) ಪೋರ್ಟಿಗೆ ಚುಚ್ಚಿದರೆ ಅದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಆಗ ಕಣದಿಂದ ಮನೆಯ ಲ್ಯಾಪ್‌ಟಾಪ್ ತೆರೆಯಬಹುದು, ಮನೆಯಿಂದ ಕಣದ್ದು ಆಗದು. ಕಣದ ರೌಟರಿನ ಐಪಿಯನ್ನು (ನೆಟ್‌ವರ್ಕಿನಲ್ಲಿ ಅದರ ವಿಳಾಸದ ಸಂಖ್ಯೆ) ಮನೆಯ ರೌಟರಿನ ವಿಳಾಸಗಳ ಸಾಲಿನಲ್ಲಿ ಖಾಲಿ ಇರುವ ಒಂದಕ್ಕೆ, ಉದಾಹರಣೆಗೆ 192.168.1.2ಕ್ಕೆ, ಬದಲಿಸಿ, ಅದರ ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ತಾನಾಗಿ ಐಪಿ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ‘ಲ್ಯಾನ್’ ಪೋರ್ಟಿಗೆ ಹಾಕಿ. ಕೇಬಲ್ 100 ಮೀಟರ್ ಮೀರಬಾರದು. ಗುಡುಗು ಮಿಂಚಿನ ಕಾಲದಲ್ಲಿ ಹೊರಗೆ ಎಳೆದ ತಾಮ್ರದ ಕೇಬಲ್ ಪೋರ್ಟ್ ಸುಡುವ ದಾರಿಯೂ ಹೌದು, ಹೊಸದಾಗಿ ಎಳೆಯುವುದಾದರೆ ಫೈಬರ್ ವಾಸಿ.

ಈಗ ಗುರುತು. ಪಿನ್ ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ. ಅದು ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ. ಪಾಸ್‌ವರ್ಡೇ ಇಲ್ಲದ ಅಕೌಂಟನ್ನೂ ವಿಂಡೋಸ್ ಹೊರಗಿನಿಂದ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಕಣದ ಪಿಸಿಯಲ್ಲಿ ಇದಕ್ಕೆಂದೇ ಒಂದು ಲೋಕಲ್ (ಆ ಪಿಸಿಯಲ್ಲಷ್ಟೇ ಇರುವ) ಅಕೌಂಟ್ ಮಾಡಿ: ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆಮೇಲೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಯೂಸರ್ ಸೇರಿಸುವ ಆಯ್ಕೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಮನೆಯ ಲ್ಯಾಪ್‌ಟಾಪ್ ಕೇಳಿದಾಗ ಬರೀ ಹೆಸರು ಕೊಡಬೇಡಿ. ಕಣದ ಪಿಸಿಯ ಹೆಸರು, ಒಂದು ಬ್ಯಾಕ್‌ಸ್ಲ್ಯಾಷ್ (\), ಆಮೇಲೆ ಯೂಸರ್ ಹೆಸರು. ಹಳೆಯ ತಪ್ಪು ಪಾಸ್‌ವರ್ಡ್ ಲ್ಯಾಪ್‌ಟಾಪ್‌ನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ (ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಜಾಗ) ಕೂತಿದ್ದರೆ ಅದನ್ನು ತೆಗೆದು, ಒಮ್ಮೆ ಸೈನ್‌ಔಟ್ ಆಗಿ ಬನ್ನಿ.

ಫೋಲ್ಡರಿಗೆ ಬೀಗ ಎರಡು, ಗಡಿಬಿಡಿ ಆಗುವುದು ಇಲ್ಲೇ. ಪ್ರಾಪರ್ಟೀಸ್‌ನಲ್ಲಿ ‘ಶೇರಿಂಗ್’ ಟ್ಯಾಬಿನದು ಒಂದು, ‘ಸೆಕ್ಯೂರಿಟಿ’ ಟ್ಯಾಬಿನದು ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ‘ಅಡ್ವಾನ್ಸ್ಡ್ ಶೇರಿಂಗ್’ ಒಳಗಿನ ಪರ್ಮಿಷನ್ಸ್‌ನಲ್ಲಿ ‘ಎವ್ರಿಒನ್’ ತೆಗೆದು ಹೊಸ ಯೂಸರನ್ನು ಸೇರಿಸಿ ‘ಚೇಂಜ್’ ಕೊಡಿ. ಸೆಕ್ಯೂರಿಟಿಯಲ್ಲಿ ಅದೇ ಯೂಸರಿಗೆ ‘ಮಾಡಿಫೈ’. ‘ಫುಲ್ ಕಂಟ್ರೋಲ್’ ಬೇಡ, ಅದು ಪರ್ಮಿಷನ್ನನ್ನೇ ತಿದ್ದುವ ಅಧಿಕಾರ. ‘ಡಿನೈ’ ಕಾಲಂ ಮುಟ್ಟಲೇಬೇಡಿ: ಎವ್ರಿಒನ್‌ಗೆ ಡಿನೈ ಹಾಕಿದರೆ ನೀವೂ ಹೊರಗೆ.

ಫೋಲ್ಡರ್ ತೆರೆದು, ಒಂದೆರಡು ಫೈಲ್ ಮಾತ್ರ ತೆರೆಯದಿದ್ದರೆ ಅವು ಅದೇ ಡ್ರೈವಿನ ಬೇರೆ ಕಡೆಯಿಂದ ‘ಕಟ್’ ಮಾಡಿ ತಂದವೇ ಎಂದು ವಿಚಾರಿಸಿ. ಹಾಗೆ ಬಂದ ಫೈಲ್ ಹಳೆಯ ಜಾಗದ ಪರ್ಮಿಷನ್ನನ್ನೇ ಹೊತ್ತು ಬರಬಹುದು. ಕಾಪಿ ಮಾಡಿದ್ದಕ್ಕೆ ಹೊಸ ಫೋಲ್ಡರಿನದು ಬರುತ್ತದೆ. ಸೆಕ್ಯೂರಿಟಿ, ಅಡ್ವಾನ್ಸ್ಡ್‌ನಲ್ಲಿ ‘ರೀಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್…’ ಎಂದು ಶುರುವಾಗುವ ಸಾಲಿಗೆ ಟಿಕ್ ಹಾಕಿದರೆ ಒಳಗಿನದೆಲ್ಲ ಒಂದೇ ಹದಕ್ಕೆ ಬರುತ್ತದೆ. ಲೆಕ್ಕದ ಫೋಲ್ಡರಿಗೆ ಮಾತ್ರ ಮಾಡಿ, ಇಡೀ ಡ್ರೈವಿಗೆ ಖಂಡಿತ ಬೇಡ.

‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿ, ಎಲ್ಲ ಸರಿಹೋಗುತ್ತೆ’ ಎಂಬ ಸಲಹೆ ಸಿಕ್ಕೇ ಸಿಗುತ್ತದೆ. ವೈಫೈ ಪಾಸ್‌ವರ್ಡ್ ಗೊತ್ತಿರುವ ಪ್ರತಿ ಫೋನಿಗೂ ನಿಮ್ಮ ಲೆಕ್ಕ ಬಿಚ್ಚಿಟ್ಟಂತೆ ಅದು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಲ್ಲಂತೂ ಪಾಸ್‌ವರ್ಡಿಲ್ಲದ ಗೆಸ್ಟ್ ಸಂಪರ್ಕಕ್ಕೆ ಮೊದಲಿನಿಂದಲೇ ತಡೆ ಇದೆ.

ನಿನ್ನೆ ನಡೆಯುತ್ತಿದ್ದದ್ದು ಕರೆಂಟ್ ಹೋಗಿ ಬಂದ ಮೇಲೆ ನಿಂತರೆ ಪರ್ಮಿಷನ್ ಹಾಳಾಗಿಲ್ಲ. ರೌಟರ್ ಪಿಸಿಗೆ ಬೇರೆ ಐಪಿ ಕೊಟ್ಟಿರಬಹುದು. ಐಪಿ ಬದಲು ಪಿಸಿಯ ಹೆಸರಿನಿಂದಲೇ ತೆರೆಯಿರಿ, ಇಲ್ಲವೇ ರೌಟರಿನಲ್ಲಿ ಆ ಪಿಸಿಗೆ ಒಂದು ವಿಳಾಸ ಕಾಯ್ದಿರಿಸಿ.

ಇನ್ನು ಎಕ್ಸೆಲ್ ‘ರೀಡ್ ಓನ್ಲಿ’ ಎಂದರೆ ಪರ್ಮಿಷನ್ ಹುಡುಕುವ ಮೊದಲು ಕಣಕ್ಕೊಂದು ಫೋನ್ ಮಾಡಿ. ಬಹುಪಾಲು ರೈಟರ್ ಆ ಫೈಲನ್ನು ತೆರೆದಿಟ್ಟೇ ಊಟಕ್ಕೆ ಹೋಗಿರುತ್ತಾರೆ.