ಗೋವಿನಜೋಳದ ತೆನೆಯಲ್ಲಿ ನಾನು ಎಣಿಸಿದ್ದು

ಎಂ.ಎಸ್ಸಿ. ಮಾಡುವಾಗ ಧಾರವಾಡದ ಕಪ್ಪು ಮಣ್ಣಿನಲ್ಲಿ ಗೋವಿನಜೋಳದ ಹೈಬ್ರಿಡ್‌ಗಳ ಟ್ರಯಲ್ ಹಾಕಿದ್ದೆ. ಮುಂಗಾರು ಬೆಳೆ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20. ಪ್ರತಿ ಪ್ಲಾಟಿನಲ್ಲಿ 5 ಗಿಡಕ್ಕೆ ಚೀಟಿ ಕಟ್ಟಿ ಗಿಡದ ಎತ್ತರ, ತೆನೆಯ ಉದ್ದ, ದಪ್ಪ, ಕಾಳಿನ ಸಾಲು, ಸಾಲಿಗೆಷ್ಟು ಕಾಳು, ನೂರು ಕಾಳಿನ ತೂಕ ಎಲ್ಲ ಬರೆದುಕೊಳ್ಳುತ್ತಿದ್ದೆ.

ಸುಮ್ನೆ ಇಳುವರಿ ತೂಗಿ ತಳಿ ಆರಿಸಬಹುದಲ್ವಾ? ಆಗುವುದಿಲ್ಲ. ನೀರು, ಗೊಬ್ಬರ ಸ್ವಲ್ಪ ಹೆಚ್ಚುಕಮ್ಮಿಯಾದರೂ ಇಳುವರಿ ಏರುಪೇರಾಗುತ್ತದೆ. ಕಾಳಿನ ಸಾಲು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ತೆನೆಯಲ್ಲಿ ಹೂಗಳು ಜೋಡಿಯಾಗಿ ಹುಟ್ಟುವುದರಿಂದ ಸಾಲುಗಳು ಸಮಸಂಖ್ಯೆಯಲ್ಲೇ ಇರುತ್ತವೆ: 12, 14, 16. ಎಣಿಕೆಯಲ್ಲಿ 13 ಬಂದರೆ ಮತ್ತೆ ಎಣಿಸುತ್ತಿದ್ದೆ.

ಲೆಕ್ಕ ಹಾಕಿದಾಗ ಗಿಡದ ಎತ್ತರಕ್ಕೂ ಇಳುವರಿಗೂ ಒಳ್ಳೆಯ ನಂಟು ಕಂಡಿತು. ಎತ್ತರದ ತಳಿಗಳನ್ನೇ ಆರಿಸಲು ಹೊರಟಿದ್ದೆ. ಆಮೇಲೆ ಪಾತ್ ಅನಾಲಿಸಿಸ್ ಮಾಡಿದೆ. ಯಾವ ಗುಣ ನೇರವಾಗಿ ಕೆಲಸ ಮಾಡುತ್ತದೆ, ಯಾವುದು ಬೇರೆಯದರ ಮೂಲಕ ಅಂತ ಬಿಡಿಸಿ ನೋಡುವ ಈ ವಿಧಾನವನ್ನು 1959ರಲ್ಲೇ ಡ್ಯೂಯಿ ಮತ್ತು ಲೂ ಎಂಬ ಸಂಶೋಧಕರು ಒಂದು ಹುಲ್ಲಿನ ಬೆಳೆಯಲ್ಲಿ ಬಳಸಿ ತೋರಿಸಿದ್ದರು. ನನ್ನ ಟ್ರಯಲ್‌ನಲ್ಲಿ ಎತ್ತರದ ನೇರ ಪಾಲು ತೀರ ಕಮ್ಮಿ. ಎತ್ತರದ ಗಿಡಗಳ ತೆನೆ ಉದ್ದವಾಗಿತ್ತು, ಉದ್ದ ತೆನೆಯಲ್ಲಿ ಸಾಲಿಗೆ ಕಾಳು ಜಾಸ್ತಿ ಇತ್ತು. ಎತ್ತರ ಅವುಗಳ ಹೆಗಲೇರಿ ಬಂದಿತ್ತು, ಅಷ್ಟೇ.

ಎರಡು ತೆನೆ ಇನ್ನೂ ನೆನಪಿದೆ. ಒಂದು ದಪ್ಪ, 16 ಸಾಲು, ಸಾಲಿಗೆ 28 ಕಾಳು: 448. ಇನ್ನೊಂದು ತೆಳ್ಳಗೆ, 14 ಸಾಲು, ಸಾಲಿಗೆ 38: 532. ಕೈಯಲ್ಲಿ ಹಿಡಿದಾಗ ದಪ್ಪನೆಯದೇ ದೊಡ್ಡದು ಅನ್ನಿಸಿತ್ತು.

ಆ ವರ್ಷ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ಕೆಲಸಕ್ಕೆ ಬಂದಿದ್ದ ಅಕ್ಕ ಒಬ್ಬರು ಕರೆದು ತೋರಿಸಿದರು, "ತಮ್ಮಾ, ಮ್ಯಾಲಿನ ಹೂವು ಉದುರಾಕ ಹತ್ತೈತಿ, ತೆನಿಗೆ ಇನ್ನೂ ಕೂದಲಾನ ಬಂದಿಲ್ಲ ನೋಡು." ಒಂದೊಂದು ಕೂದಲಿನ ಬುಡದಲ್ಲಿ ಒಂದೊಂದು ಕಾಳು. ಕೂದಲು ಹೊರಬರುವುದರೊಳಗೆ ಮೇಲಿನ ಗಂಡು ಹೂವಿನ ಪರಾಗ ಮುಗಿದರೆ ಕಾಳು ಕಟ್ಟುವುದೆಲ್ಲಿಂದ? ಕೊಯ್ಲಿನಲ್ಲಿ ಆ ತೆನೆಗಳ ಸಿಪ್ಪೆ ಸುಲಿದರೆ ಹಲ್ಲುದುರಿದ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಕಾಳು. ಮೇಲಿನ ಹೂ ಅರಳುವುದಕ್ಕೂ ತೆನೆಗೆ ಕೂದಲು ಬರುವುದಕ್ಕೂ ನಡುವೆ ದಿನಗಳ ಅಂತರ ಕಮ್ಮಿ ಇದ್ದ ತಳಿಗಳು ಮಾತ್ರ ತುದಿಯವರೆಗೂ ತುಂಬಿದ್ದವು.

ಈಗ ಹೊಸ ಪ್ಲಾಟಿಗೆ ಇಳಿದರೆ ಮೊದಲು ಬರೆಯುವುದು ಎರಡು ದಿನಾಂಕ: ಮೇಲಿನ ಹೂ ಅರಳಿದ್ದು, ತೆನೆಗೆ ಕೂದಲು ಬಂದದ್ದು. ಆಮೇಲೆ ಸಾಲಿಗೆಷ್ಟು ಕಾಳು, ನೂರು ಕಾಳಿನ ತೂಕ. ಎತ್ತರವನ್ನೂ ಅಳೆಯುತ್ತೇನೆ, ಗಾಳಿಗೆ ಮಲಗುವಷ್ಟು ಬೆಳೆದಿದೆಯಾ ಅಂತ ನೋಡುವುದಕ್ಕೆ.