ಉದ್ದನೆಯ ಅಂಕಿಸಾಲನ್ನು ಒಂದಂಕಿಯೂ ಕೆಡದಂತೆ ಸಂಖ್ಯೆಯಾಗಿಸುವ ಬಗೆ

ಜಾವಾಸ್ಕ್ರಿಪ್ಟ್‌ನಲ್ಲಿ 9007199254740993 ಎಂದು ಬರೆದು ಎಂಟರ್ ಒತ್ತಿದರೆ ತೆರೆಯ ಮೇಲೆ 9007199254740992 ಎಂದು ಬರುತ್ತದೆ. ದೋಷಸಂದೇಶವಿಲ್ಲ, ಎಚ್ಚರಿಕೆಯೂ ಇಲ್ಲ. ಆ ಭಾಷೆಯ ಸಾಮಾನ್ಯ ಸಂಖ್ಯೆಯಲ್ಲಿ ಅಂಕಿಗಳಿಗೆ ದಕ್ಕುವುದು 53 ಬಿಟ್‌ಗಳಷ್ಟೇ ಆದ್ದರಿಂದ, 9007199254740991ರ ಆಚೆಗಿನ ಎಲ್ಲ ಪೂರ್ಣಾಂಕಗಳನ್ನೂ ಅದು ಬೇರೆ ಬೇರೆಯಾಗಿ ಹಿಡಿದಿಡಲಾರದು. ಇದಕ್ಕೆ ಪರಿಹಾರವಾಗಿ 2020ರಲ್ಲಿ, ದೊಡ್ಡ ಪೂರ್ಣಾಂಕಗಳನ್ನೂ ಅಂಕಿ ಕೆಡದಂತೆ ಹಿಡಿದಿಡುವ ಬಿಗ್‌ಇಂಟ್ (BigInt) ಎಂಬ ವಿಧ ಭಾಷೆಯ ಮಾನಕದೊಳಗೆ ಸೇರಿತು.

ಮೊದಲು, ಲೆಕ್ಕ ಮಾಡುವುದಿದೆಯೇ ಎಂದು ನೋಡಿಕೊಳ್ಳಿ. ಕಾರ್ಡ್ ಸಂಖ್ಯೆ, ಗ್ರಾಹಕರ ಗುರುತಿನ ಸಂಖ್ಯೆ ಮುಂತಾದವನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ; ಅವು ಸ್ಟ್ರಿಂಗ್ (ಅಂದರೆ ಬರೀ ಅಕ್ಷರಗಳ ಸಾಲು) ಆಗಿಯೇ ಉಳಿಯಲಿ. ಸಂಖ್ಯೆಯಾಗಿಸಿದರೆ ಆರಂಭದ ಸೊನ್ನೆಗಳೂ ಹೋಗುತ್ತವೆ.

ಎರಡನೆಯದಾಗಿ, ಅಲ್ಪವಿರಾಮಗಳನ್ನು ತೆಗೆದು, ಉಳಿದಿರುವುದು ಬರೀ ಅಂಕಿಗಳೇ ಎಂದು ಪರೀಕ್ಷಿಸಿ. ಖಾಲಿ ಸ್ಟ್ರಿಂಗ್ ಕೊಟ್ಟರೆ ಬಿಗ್‌ಇಂಟ್ ತಕರಾರಿಲ್ಲದೆ ಸೊನ್ನೆಯನ್ನು ಕೊಡುತ್ತದೆ. ಸ್ಟ್ರಿಂಗನ್ನು ಸಾಮಾನ್ಯ ಪೂರ್ಣಾಂಕವಾಗಿಸುವ ಪಾರ್ಸ್‌ಇಂಟ್ (parseInt) ಅನ್ನು ಇಲ್ಲಿ ಬಳಸಲೇಬೇಡಿ: 12,34,567 ಎಂಬ ನಮ್ಮ ಬರವಣಿಗೆಯಿಂದ ಅದು 12ನ್ನಷ್ಟೇ ಓದಿಕೊಂಡು ಸುಮ್ಮನಾಗುತ್ತದೆ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ. ಸ್ಟ್ರಿಂಗ್ ನೇರವಾಗಿ ಬಿಗ್‌ಇಂಟ್‌ನ ಕೈಸೇರಬೇಕು. ದಾರಿಯಲ್ಲಿ ಎಲ್ಲಿಯೂ, ಒಂದು ಕ್ಷಣಕ್ಕೂ, ಅದು ಸಾಮಾನ್ಯ ಸಂಖ್ಯೆಯಾಗಬಾರದು. ಸ್ಟ್ರಿಂಗ್‌ನ ಎಡಕ್ಕೆ ಒಂದು ಕೂಡುವ ಚಿಹ್ನೆ ಹಾಕಿದರೂ, ಕೋಡ್‌ನಲ್ಲಿ ಉದ್ಧರಣ ಚಿಹ್ನೆಗಳನ್ನೂ ಬಿಗ್‌ಇಂಟ್ ಎಂದು ಸೂಚಿಸುವ ಕೊನೆಯ ಎನ್ (n) ಅಕ್ಷರವನ್ನೂ ಬಿಟ್ಟು ಅಂಕಿಗಳನ್ನಷ್ಟೇ ಬರೆದರೂ, ಕೊನೆಯ ಅಂಕಿಗಳು ಬಿಗ್‌ಇಂಟ್ ತಲುಪುವ ಮೊದಲೇ ಕೆಟ್ಟಿರುತ್ತವೆ, ಮತ್ತು ಅದು ಕೆಟ್ಟ ಸಂಖ್ಯೆಯನ್ನೇ ಬಹಳ ನಿಖರವಾಗಿ ಕಾಪಾಡುತ್ತದೆ. ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು, ದತ್ತಾಂಶವನ್ನು ಪಠ್ಯರೂಪದಲ್ಲಿ ಸಾಗಿಸುವ ಜೇಸನ್ (JSON) ಅನ್ನು ಓದುವಾಗ ಆಗುತ್ತದೆ. ಸರ್ವರ್ ಅಂಕಿಗಳನ್ನು ಉದ್ಧರಣ ಚಿಹ್ನೆಗಳಿಲ್ಲದೆ ಕಳುಹಿಸಿದ್ದರೆ ಜೇಸನ್ ಪಾರ್ಸ್ ಅವನ್ನು ಸಾಮಾನ್ಯ ಸಂಖ್ಯೆಯಾಗಿಸುತ್ತದೆ. ಓದಿದ ಪ್ರತಿ ಮೌಲ್ಯವನ್ನೂ ಬದಲಿಸಲು ಬಿಡುವ ರಿವೈವರ್ ಫಂಕ್ಷನ್ ಬರೆದು ಅದರೊಳಗೆ ಬಿಗ್‌ಇಂಟ್ ಕರೆಯುವವರಿದ್ದಾರೆ, ಆದರೆ ರಿವೈವರ್‌ಗೆ ಸಿಗುವ ಮೌಲ್ಯ ಆಗಲೇ ಕೆಟ್ಟಿರುತ್ತದೆ. ಸರ್ವರ್ ನಿಮ್ಮದೇ ಆಗಿದ್ದರೆ ಸ್ಟ್ರಿಂಗ್ ಆಗಿ ಕಳುಹಿಸಿ. ಟ್ವಿಟರ್ ಕೂಡ ತನ್ನ ಗುರುತಿನ ಸಂಖ್ಯೆಗಳು ಈ ಮಿತಿಯನ್ನು ದಾಟುವುದರಿಂದ ಪ್ರತಿಯೊಂದನ್ನೂ ಸಂಖ್ಯೆಯಾಗಿ ಒಮ್ಮೆ, ಸ್ಟ್ರಿಂಗ್ ಆಗಿ ಇನ್ನೊಮ್ಮೆ ಕೊಡುವ ವ್ಯವಸ್ಥೆ ಮಾಡಿತ್ತು.

ದತ್ತಾಂಶವನ್ನು ಎಕ್ಸೆಲ್‌ನಲ್ಲಿ ತೆರೆದು 'ಸರಿಪಡಿಸಿ' ಕೊಡುವ ಅಡ್ಡದಾರಿಯಂತೂ ಬೇಡವೇ ಬೇಡ. ಅದು ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಸೊನ್ನೆ ಮಾಡುತ್ತದೆ.

ಪೈಥಾನ್ ಭಾಷೆಯಲ್ಲಿ ಈ ಕಾಟವಿಲ್ಲ, ಅದರ ಪೂರ್ಣಾಂಕಕ್ಕೆ ಗಾತ್ರದ ಮಿತಿಯೇ ಇಲ್ಲ. "೧೨೩" ಎಂಬ ಕನ್ನಡ ಅಂಕಿಗಳನ್ನೂ ಅದು 123 ಎಂದು ಓದುತ್ತದೆ. ಜಾವಾಸ್ಕ್ರಿಪ್ಟ್‌ನ ಬಿಗ್‌ಇಂಟ್ ಅದೇ ಸ್ಟ್ರಿಂಗನ್ನು ದೋಷವೆಂದು ತಿರಸ್ಕರಿಸುತ್ತದೆ. ಆದರೆ ಪೈಥಾನ್ 3.11ರಲ್ಲಿ ಸ್ಟ್ರಿಂಗ್ 4300 ಅಂಕಿಗಳನ್ನು ಮೀರಿದರೆ, ಸೇವೆಯನ್ನು ಸ್ಥಗಿತಗೊಳಿಸುವ ದಾಳಿಗಳ ಭಯದಿಂದ, ಪರಿವರ್ತನೆ ನಿಲ್ಲುತ್ತದೆ. ಅಗತ್ಯವಿದ್ದವರು ಮಿತಿಯನ್ನು ಏರಿಸಿಕೊಳ್ಳಬಹುದು.

ಸಂಖ್ಯೆಯನ್ನು ಹೊರಗೆ ಕಳುಹಿಸುವಾಗ ಮತ್ತೆ ಸ್ಟ್ರಿಂಗ್ ಮಾಡಿ, ಏಕೆಂದರೆ ದತ್ತಾಂಶವನ್ನು ಜೇಸನ್ ಆಗಿಸುವ ಜೇಸನ್ ಸ್ಟ್ರಿಂಗಿಫೈ, ಬಿಗ್‌ಇಂಟ್ ಕಂಡೊಡನೆ ದೋಷ ಎಸೆಯುತ್ತದೆ.

ಕೊನೆಗೆ ಪರೀಕ್ಷೆ. ಬಂದ ಉತ್ತರವನ್ನು ಸ್ಟ್ರಿಂಗ್ ಆಗಿಸಿ ಮೂಲದೊಡನೆ ಹೋಲಿಸಿ. ಒಂದರ ಮುಂದೆ 20 ಸೊನ್ನೆ ಇಟ್ಟು ಮಾತ್ರ ಪರೀಕ್ಷಿಸಬೇಡಿ. ಆ ಸಂಖ್ಯೆ ಸಾಮಾನ್ಯ ವಿಧದಲ್ಲಿಯೂ ಕೆಡದೆ ಉಳಿಯುವುದರಿಂದ ತಪ್ಪು ಕೋಡ್ ಕೂಡ ತೇರ್ಗಡೆಯಾಗುತ್ತದೆ. 9007199254740993ನ್ನು, ಅಥವಾ ಅದಕ್ಕೂ ದೊಡ್ಡದಾದ ಯಾವುದಾದರೂ ಬೆಸಸಂಖ್ಯೆಯನ್ನು ಕೊಟ್ಟು ನೋಡಿ.