ಬಾಣಂತಿ ಕೋಣೆಯ ಕಿಟಕಿ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಕೈಯಲ್ಲಿ ದೀಪ, ಕ್ರಿಮಿಯಾ ಯುದ್ಧದ ಗಾಯಾಳುಗಳು. ನರ್ಸಿಂಗ್ ಓದುವಾಗ ನಮಗೆ ಸಿಕ್ಕಿದ್ದು ಅಷ್ಟೇ. ಹಳ್ಳಿಯ ಆರೋಗ್ಯ ಉಪಕೇಂದ್ರದ ಕೆಲಸಕ್ಕೆ ಬಂದ ಮೇಲೆ ನನಗೆ ಒದಗಿದ್ದು ಅವರು ಎಪ್ಪತ್ತು ದಾಟಿದ ಮೇಲೆ ಮಾಡಿದ ಕೆಲಸ. 1892ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಹಳ್ಳಿಗಳ ತಾಯಂದಿರಿಗೆ ಆರೋಗ್ಯ ಕಲಿಸಲು ಹೆಂಗಸರನ್ನೇ ತಯಾರು ಮಾಡುವ ಯೋಜನೆಗೆ ಅವರು ಬೆನ್ನೆಲುಬಾಗಿ ನಿಂತರು. ಆರೋಗ್ಯಾಧಿಕಾರಿ ಆ ಹೆಂಗಸರಿಗೆ ಪಾಠ ಹೇಳಿದ್ದಲ್ಲದೆ ಹಳ್ಳಿಯ ಮನೆಗಳಿಗೂ ಕರೆದೊಯ್ದು ಏನನ್ನು ಗಮನಿಸಬೇಕೆಂದು ತೋರಿಸುತ್ತಿದ್ದರು. ಬರೀ ಭಾಷಣದಿಂದ ಮನೆಯ ರೂಢಿ ಬದಲಾಗದು, ತಾಯಿಯ ಸ್ನೇಹ ಗಳಿಸಿ ಒಳಗೆ ಹೋಗಬೇಕು ಎಂಬುದು ನೈಟಿಂಗೇಲ್ ಅವರ ಗಟ್ಟಿ ನಿಲುವು.

ಅದು ಎಷ್ಟು ನಿಜವೆಂದು ಬಾಣಂತಿ ಕೋಣೆಗಳಲ್ಲಿ ಕಂಡಿದ್ದೇನೆ. ಕಿಟಕಿ ಮುಚ್ಚಿ, ಸಂದಿಗೆ ಹಳೆಯ ಸೀರೆ ತುರುಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿರುತ್ತಾರೆ. ಜೊತೆಗೆ ಲೋಬಾನದ ಹೊಗೆ. ಕಿಟಕಿ ತೆಗೆಯಿರಿ ಎಂದು ಗದರಿದರೆ ನಾನು ಹೊಸಿಲು ದಾಟುವಷ್ಟರಲ್ಲಿ ಮತ್ತೆ ಮುಚ್ಚುತ್ತಾರೆ. ಅಜ್ಜಿಯ ಭಯವೂ ಸುಳ್ಳಲ್ಲ, ಹಸುಗೂಸಿನ ಮೈ ಬೇಗ ತಣ್ಣಗಾಗುತ್ತದೆ. ಆದ್ದರಿಂದ ಮೊದಲು ಬೆಚ್ಚಗಿಡುವ ಮಾತನ್ನೇ ಆಡುತ್ತೇನೆ. ಕೂಸಿಗೆ ಟೋಪಿ, ಕಾಲುಚೀಲ ಹಾಕಿಸಿ, ತಾಯಿಯ ಎದೆಗೆ ಮೈ ತಾಗುವಂತೆ ಮಲಗಿಸಿ, ಇಬ್ಬರಿಗೂ ಹೊದಿಸುತ್ತೇವೆ.

ಆಮೇಲೆ ಕೈಗಡಿಯಾರವನ್ನು ಅಜ್ಜಿಯ ಮುಂದೆ ಹಿಡಿದು, "ಅಮ್ಮಾ, ಮಗುವಿನ ಹೊಟ್ಟೆ ಏರುವುದನ್ನು ನೀವೇ ಎಣಿಸಿ" ಎನ್ನುತ್ತೇನೆ. ಬೆರಳು ಮಡಚುತ್ತಾ, ಉಸಿರು ಬಿಗಿಹಿಡಿದು ಎಣಿಸುತ್ತಾರೆ. ಎರಡು ತಿಂಗಳೊಳಗಿನ ಮಗುವಿಗೆ ಎರಡನೆಯ ಸಲ ಎಣಿಸಿದಾಗಲೂ ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು ಬಂದರೆ, ಇಲ್ಲವೇ ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಹೋಗುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಅಜ್ಜಿ ಒಮ್ಮೆ ಕಲಿತರೆ ಮನೆಗೆ ಕಾವಲು ಸಿಕ್ಕಂತೆ. ಎಣಿಸಿದವರಿಗೆ ಹೊಗೆಯ ಮಾತು ತಾನಾಗಿ ಅರ್ಥವಾಗುತ್ತದೆ. ಮಂಚವನ್ನು ಗಾಳಿ ನೇರ ಬೀಸದ ಮೂಲೆಗೆ ಸರಿಸಿ, ಕಿಟಕಿಯ ಒಂದು ಬಾಗಿಲನ್ನು ಅವರ ಕೈಯಲ್ಲೇ ತೆಗೆಸುತ್ತೇನೆ.

ಕೆಂಡದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದರಿಂದ ಹೊರಡುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೂ ಇಲ್ಲ, ಮಲಗಿದವರು ಏಳದೇ ಹೋಗಬಹುದು. ತಲೆ ಒಣಗಿಸಲೇಬೇಕೆಂದರೆ ಪಡಸಾಲೆಯ ಬಿಸಿಲಿದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಹೋಗುತ್ತಾರೆ. ಮೊದಲ ಭೇಟಿಗೆ ಆದಷ್ಟೂ ನಾನೂ ಜೊತೆಗಿರುತ್ತೇನೆ. ಕೋಣೆ ಆಗಷ್ಟೇ ಸಜ್ಜಾಗುತ್ತಿರುತ್ತದೆ, ವಾರ ಕಳೆದರೆ ಮಂಚ ಸರಿಸುವುದೂ ಕಷ್ಟ.